ಮೇಸ್ತ್ರಿ ನನಗೆ ಕಲಿಸಲಿಲ್ಲ

ಪಕ್ಕದ ಮನೆಯ ಮೇಸ್ತ್ರಿ ತೀರಿಕೊಂಡ ಹನ್ನೊಂದನೇ ದಿನದ ಊಟಕ್ಕೆ ಕೂತಿದ್ದೆ. ನನ್ನ ಎಲೆಗೆ ಪಾಯಸ ಬಡಿಸುತ್ತಿದ್ದ ಅವರ ನೆಂಟರೊಬ್ಬರು, "ನಿಮ್ಗೆ ಗಾಡಿ ರಿಪೇರಿ ಕಲ್ಸಿದ್ದು ಇವ್ರೇ ಅಂತಲ್ಲವ್ವಾ, ಎಂಥ ಮನುಸ್ಯ" ಎಂದರು. ಸಾಲಿನಲ್ಲಿದ್ದ ನಾಲ್ಕಾರು ಜನ ತಲೆಯಾಡಿಸಿದರು. ಸಾವಿನ ಮನೆಯಲ್ಲಿ ಎಲೆ ಮುಂದೆ ಕೂತು ಜಗಳ ತೆಗೆಯುವುದು ಹೇಗೆ ಎಂದು ನಾನು ಸುಮ್ಮನಾದೆ. ಮಾರನೆಯ ವಾರ ಅದೇ ಮಾತನ್ನು ಹಾಲಿನ ಡೈರಿಯಲ್ಲಿ ಕೇಳಿದೆ. ಆಮೇಲೆ ನನ್ನ ವ್ಯಾನಿನಲ್ಲಿ ಬರುವ ಹುಡುಗಿಯೊಬ್ಬಳ ಬಾಯಲ್ಲೂ ಕೇಳಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೇಸ್ತ್ರಿ ನನಗೆ ಏನನ್ನೂ ಕಲಿಸಲಿಲ್ಲ. ಅವರನ್ನು ಕುರಿತು ‘ಅವರು’ ಎಂದು ಬರೆಯುವುದು ಇಪ್ಪತ್ತು ವರ್ಷದ ಅಭ್ಯಾಸ, ಗೌರವವಲ್ಲ.

ಚನ್ನಪಟ್ಟಣದ ನಮ್ಮ ಬೀದಿಗೆ ಅವರು ಬಂದದ್ದು ಬಸ್ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್ ಆಗಿ ರಿಟೈರಾದ ಮೇಲೆ. ಆಮೇಲೂ ಖಾಕಿ ಪ್ಯಾಂಟನ್ನೇ ಹಾಕುತ್ತಿದ್ದರು. ಎಷ್ಟೋ ವರ್ಷ ಇಂಜಿನ್ನಿನ ಪಕ್ಕದಲ್ಲಿ ನಿಂತು ಬಲಗಿವಿ ಮಂದವಾಗಿತ್ತು. ಎಡಗಿವಿಯನ್ನು ಮುಂದೆ ಮಾಡಿ ಜಗಲಿಯ ಮೇಲೆ ಕೂತು ಬೀದಿಯ ಗಾಡಿಗಳನ್ನೆಲ್ಲ ಕೇಳುತ್ತಿದ್ದರು. "ಈ ಗಾಡಿ ಎಲ್ಡು ತಿಂಗ್ಳು" ಎನ್ನುತ್ತಿದ್ದರು, ಕಾಯಿಲೆಯವರಿಗೆ ಗಡುವು ಹೇಳಿದ ಹಾಗೆ. ಅವರು ಹೇಳಿದ್ದು ಬಹುಮಟ್ಟಿಗೆ ನಿಜವಾಗುತ್ತಿತ್ತು. ಅವರಿಗೆ ವಿದ್ಯೆ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ವಿದ್ಯೆ ಇತ್ತು. ಅದನ್ನು ಇಟ್ಟುಕೊಂಡು ಅವರು ಏನು ಮಾಡಿದರು ಅನ್ನುವುದೇ ನನ್ನ ತಕರಾರು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬರು ಸ್ಕೂಲ್ ಮೇಷ್ಟ್ರಿದ್ದರು. ಒಂದು ಶುಕ್ರವಾರ ತಿರುವಿನಲ್ಲಿ ಅವರ ಸ್ಕೂಟರು ನಿಲ್ಲದೆ ಚರಂಡಿಗೆ ಬಿದ್ದು ಕಾಲರ್ ಬೋನ್ ಮುರಿಯಿತು. ಜನ ಅವರನ್ನು ಎತ್ತಿ ಆಟೋಗೆ ಹಾಕುತ್ತಿದ್ದಾಗ ಮೇಸ್ತ್ರಿ ಜಗಲಿಯಿಂದ ಏಳದೆಯೇ, "ಬ್ರೇಕ್ ಕೇಬಲ್ ಎಳೆಎಳೆಯಾಗಿ ಬಿಡ್ತಾ ಇತ್ತು. ನಂಗೆ ಸೋಮವಾರನೇ ಗೊತ್ತಿತ್ತು" ಎಂದರು.

"ಮತ್ತೆ ಯಾಕೆ ಹೇಳ್ಲಿಲ್ಲ ಮೇಸ್ತ್ರಿ?" ಎಂದು ನಾನು ಕೇಳಿದೆ.

"ಕೇಳಿದ್ನಾ ಅವ್ನು?" ಎಂದರು.

ನಮಗೆ ಒಂದು ಹಳೆಯ ಡೀಸೆಲ್ ವ್ಯಾನಿತ್ತು. ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲ. ಬಿಡದಿಯ ಸುತ್ತ ದಿನಕ್ಕೊಂದು ಹೊಸ ಕಾಂಪೌಂಡು ಏಳುತ್ತಿತ್ತು. ಹೊಂಗನೂರು ಕಡೆಯ ಹೆಣ್ಣುಮಕ್ಕಳು ರೇಷ್ಮೆ ಹುಳುವಿನ ತಟ್ಟೆ ಬಿಟ್ಟು ಫ್ಯಾಕ್ಟರಿಗಳಿಗೆ ಹೋಗತೊಡಗಿದ್ದರು. ನಮ್ಮ ಯಜಮಾನರು ಅಂಥ ಹನ್ನೊಂದು ಜನರನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆತರುತ್ತಿದ್ದರು. ಒಂದು ದಿನ ವ್ಯಾನಿನ ಮೇಲೆ ಟಾರ್ಪಾಲು ಕಟ್ಟುವಾಗ ಜಾರಿ ಬಿದ್ದು ಬೆನ್ನು ಮೂಳೆಗೆ ಏಟಾಯಿತು. ಮೂರು ತಿಂಗಳು ಮಂಚ ಬಿಟ್ಟು ಏಳಬಾರದು ಎಂದರು ಡಾಕ್ಟರು. ಮದುವೆಯಾದ ಹೊಸತರಲ್ಲಿ ಯಜಮಾನರೇ ಕೆರೆ ಏರಿಯ ಮೇಲೆ ನನಗೆ ಡ್ರೈವಿಂಗ್ ಕಲಿಸಿದ್ದರು, ಲೈಸೆನ್ಸೂ ಮಾಡಿಸಿದ್ದರು. ಬೇರೆ ದಾರಿ ಕಾಣದೆ ನಾನೇ ಸ್ಟೇರಿಂಗ್ ಹಿಡಿದೆ.

ಮೊದಲ ದಿನ ನಾನು ಬಾಗಿಲು ತೆಗೆದು ಹತ್ತುವಾಗ ಮೇಸ್ತ್ರಿ ಕಾಫಿ ಲೋಟ ಹಿಡಿದು ನಿಂತಿದ್ದರು. "ಹತ್ತೋರು ಹನ್ನೊಂದು ಹೆಂಗಸ್ರು, ಓಡ್ಸೋಳೂ ಹೆಂಗ್ಸು. ಬುಡು, ಬಿಡದಿ ಮುಟ್ಟಿದಂಗೇ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ನಾವು ಬಿಡದಿ ಮುಟ್ಟಿದೆವು. ಸಂಜೆ ವಾಪಸು ಬಂದಾಗಲೂ ಅವರು ಅಲ್ಲೇ ಕೂತಿದ್ದರು. ಅವರಿಗೆ ಬೇಸರವಾದಂತೆ ಕಂಡಿತು.

ತಿಂಗಳೊಳಗೆ ವ್ಯಾನಿನ ಕೆಳಗೆ ಎಣ್ಣೆಯ ಕಲೆ ಬೀಳತೊಡಗಿತು. ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವುದಕ್ಕೆ ತಗಡಿನ ಒಂದು ದೊಡ್ಡ ತಟ್ಟೆ ಇರುತ್ತದೆ, ಮೆಕ್ಯಾನಿಕ್ಕುಗಳು ಅದನ್ನು ಚೇಂಬರ್ ಎನ್ನುತ್ತಾರೆ. ಅದಕ್ಕೂ ಇಂಜಿನ್ನಿಗೂ ನಡುವೆ ಕಾರ್ಕಿನ ತೆಳು ಪಟ್ಟಿಯೊಂದು ಕೂತಿರುತ್ತದೆ. ಅದೇ ಪ್ಯಾಕಿಂಗು. ನಮ್ಮ ವ್ಯಾನಿನದು ಹಳೆಯದಾಗಿ ಸೀಳಿತ್ತು. ಮೇಸ್ತ್ರಿ ಬೆಳಗ್ಗೆ ಬಕೆಟ್ಟಿನಲ್ಲಿ ನೀರು ತಂದು ಆ ಕಲೆಯ ಮೇಲೆ ಸುರಿದು, ಎಣ್ಣೆಯೆಲ್ಲ ನಮ್ಮ ಬಾಗಿಲಿಗೆ ಹರಿಯುವಂತೆ ಪೊರಕೆಯಲ್ಲಿ ತಳ್ಳುತ್ತಿದ್ದರು. "ನಿಮ್ಮ ಗಾಡಿ ಉಚ್ಚೆ ಉಯ್ದೈತೆ, ತೊಳ್ಕಳಿ" ಎನ್ನುತ್ತಿದ್ದರು. ಪುರಸಭೆಗೆ ಹೋಗಿ, ಬೀದಿಯಲ್ಲಿ ಗಾಡಿ ನಿಲ್ಲಿಸಿ ತೊಂದರೆ ಕೊಡುತ್ತಿದ್ದಾರೆ ಎಂದು ಅರ್ಜಿಯನ್ನೂ ಕೊಟ್ಟು ಬಂದರು.

ಗ್ಯಾರೇಜಿನವನು ವ್ಯಾನನ್ನು ನಾಲ್ಕು ದಿನ ಬಿಟ್ಟು ಹೋಗಿ ಎಂದ. ಫ್ಯಾಕ್ಟರಿಯ ಕಂಟ್ರಾಕ್ಟರು ಒಂದೇ ಒಂದು ದಿನ ಗಾಡಿ ತಪ್ಪಿದರೂ ತನ್ನ ಮಿನಿ ಬಸ್ಸು ಹಾಕುತ್ತೇನೆ ಎಂದ. ಅವನು ಅದಕ್ಕೇ ಕಾದಿದ್ದ. ನಮಗಿದ್ದದ್ದು ಒಂದು ಭಾನುವಾರ. ಯಜಮಾನರು ಮಂಚದ ಮೇಲೆ ಮಲಗಿಕೊಂಡೇ, "ಬಿಚ್ಚೋದು ಬ್ರಹ್ಮವಿದ್ಯೆ ಅಲ್ಲ, ನಟ್ಟು ಬೋಲ್ಟು ಅಷ್ಟೇಯ. ನಾನು ಕಿಟಕಿಯಿಂದ ಹೇಳ್ತೀನಿ" ಎಂದರು. ಹಾಗೆಂದವರಿಗೂ ತಾವೇ ಅದನ್ನು ಬಿಚ್ಚಿ ಗೊತ್ತಿರಲಿಲ್ಲ. ಶನಿವಾರ ಅಂಗಡಿಯಿಂದ ಹೊಸ ಪ್ಯಾಕಿಂಗು ತಂದಿಟ್ಟುಕೊಂಡು, ಭಾನುವಾರ ಬೆಳಗ್ಗೆ ನಾನು ಮೇಸ್ತ್ರಿಯ ಜಗಲಿಯ ಮುಂದೆ ಹೋಗಿ ನಿಂತೆ.

"ಮೇಸ್ತ್ರಿ, ಚೇಂಬರ್ ಪ್ಯಾಕಿಂಗ್ ಬದಲಾಯಿಸ್ಬೇಕು. ನೀವು ಮುಟ್ಟದು ಬ್ಯಾಡ. ಒಸಿ ನಿಂತ್ಕಂಡು ಹಿಂಗೆ ಮಾಡು ಹಂಗೆ ಮಾಡು ಅಂದ್ರೆ ಸಾಕು."

ಅವರು ಲೋಟ ಕೆಳಗಿಟ್ಟರು. "ಮೂವತ್ನಾಕು ವರ್ಸ ಇಂಜಿನ್ ಬಿಚ್ಚಿವ್ನಿ. ಹೆಂಗಸ್ರು ಕೈಗೆ ಸ್ಪ್ಯಾನರ್ ಕೊಟ್ಟವ್ನಲ್ಲ. ನಿನ್ ಗಂಡ ಎದ್ದೇಳ್ಲಿ, ಆಗ ಕೇಳು."

"ಅವ್ರು ಏಳೋಕೆ ಇನ್ನೂ ಎಲ್ಡು ತಿಂಗ್ಳು."

"ಹಂಗಾರೆ ಎಲ್ಡು ತಿಂಗ್ಳು ಗಾಡಿ ನಿಲ್ಸು."

ನಾನು ಕೇಳಿದ್ದೆ. ಸ್ಕೂಟರಿನ ಮೇಷ್ಟ್ರು ಕೇಳಿರಲಿಲ್ಲ, ನಾನು ಕೇಳಿದ್ದೆ. ಇದನ್ನು ಮಾತ್ರ ಎಲ್ಲರಿಗೂ ಬಿಡಿಸಿ ಹೇಳಬೇಕೆನ್ನಿಸುತ್ತದೆ.

ಎದುರುಗಡೆ ಗೊಂಬೆ ಕಡೆಯುವ ಅನ್ವರ್ ಸಾಬರ ಮನೆ. ಅವರು ನಾಲ್ಕು ದಪ್ಪ ಮರದ ತುಂಡುಗಳನ್ನು ಉರುಳಿಸಿಕೊಂಡು ಬಂದು, "ಜಾಕ್ ಒಂದನ್ನೇ ನಂಬಬೇಡ ತಂಗಿ, ಇದನ್ನ ಅಡಿಗೆ ಕೊಡು" ಎಂದರು. ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ, ಮರದ ಮೇಲೆ ಕೂರಿಸಿ, ಯಜಮಾನರ ಹಳೆಯ ಪ್ಯಾಂಟು ಶರ್ಟು ಹಾಕಿಕೊಂಡು ನಾನು ಗೋಣಿಚೀಲದ ಮೇಲೆ ವ್ಯಾನಿನ ಕೆಳಗೆ ಸರಿದೆ. ಆಗ ಮೇಸ್ತ್ರಿ ಒಳಗಿಂದ ಕುರ್ಚಿ ತಂದು, ನನ್ನ ಕಾಲುಗಳು ಕಾಣುವ ಹಾಗೆ ಜಗಲಿಯ ಅಂಚಿಗೆ ಹಾಕಿಕೊಂಡು ಕೂತರು.

ಎಣ್ಣೆ ಇಳಿಸಿದೆ. ಇಪ್ಪತ್ತೆರಡು ಬೋಲ್ಟು. ಒಂದೊಂದನ್ನೂ ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕಿದೆ. ಬೋಲ್ಟೆಲ್ಲ ಬಂದರೂ ಚೇಂಬರು ಅಂಟಿಕೊಂಡೇ ಇತ್ತು. ತರಕಾರಿ ಚಾಕುವನ್ನು ಸಂದಿಗೆ ತೂರಿಸಿ ಸುತ್ತಲೂ ಎಳೆದ ಮೇಲೆ ಧೊಪ್ಪೆಂದು ಎದೆಯ ಮೇಲೆ ಬಿತ್ತು. ಉಳಿದ ಕರಿ ಎಣ್ಣೆ ಕುತ್ತಿಗೆಗೆಲ್ಲ ಹರಿಯಿತು. ಜಗಲಿಯ ಮೇಲಿಂದ ನಕ್ಕ ಸದ್ದು ಕೇಳಿಸಿತು. ಹಳೆಯ ಕಾರ್ಕನ್ನು ಬ್ಲೇಡಿನಲ್ಲಿ ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಒಂದು ಮೂಲೆಯಿಂದ ಶುರುಮಾಡಿ ಸುತ್ತಲೂ ಸಾಲಾಗಿ, ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದೆ. ಹೊಸ ಎಣ್ಣೆ ಸುರಿದೆ. ಮಧ್ಯಾಹ್ನ ಒಂದು ಗಂಟೆಗೆ ಇಂಜಿನ್ ಸ್ಟಾರ್ಟ್ ಮಾಡಿದೆ. ಹತ್ತು ನಿಮಿಷಕ್ಕೆ ಒಂದು ಮೂಲೆಯಿಂದ ಎಣ್ಣೆ ಇಳಿಯಿತು. ಮೊದಲಿಗಿಂತ ಜಾಸ್ತಿ ಇಳಿಯಿತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮೇಸ್ತ್ರಿ ಆಗ ಮಾತಾಡಿದರು.

"ಸಾಲಾಗಿ ಬಿಗ್ದೆ ನೀನು. ಎದ್ರುಬದ್ರು ಬಿಗೀಬೇಕು, ನಡುವಿಂದ, ಒಸೊಸಿಯಾಗಿ. ಚೇಂಬರ್ ಅಂಚೂ ಸೊಟ್ಟಗೈತೆ. ಕೆಳಗಿಳಿಸ್ದಾಗ್ಲೇ ನೋಡ್ದೆ."

"ನೋಡಿದ್ರಾ?"

"ಹತ್ತು ಗಂಟೆಗೇ ಗೊತ್ತಿತ್ತು."

ಹತ್ತರಿಂದ ಒಂದರವರೆಗೆ ಮೂರು ಗಂಟೆ ಅವರು ಅಲ್ಲೇ ಕೂತು ಎರಡು ಸಲ ಕಾಫಿ ಕುಡಿದಿದ್ದರು. ಒಂದು ಮಾತು ಸಾಕಿತ್ತು. ನನ್ನ ಜೀವಮಾನದಲ್ಲಿ ಮನುಷ್ಯರ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಊರಿಗೆ ಊರೇ ಇದನ್ನು ‘ಕಲಿಸಿದ್ದು’ ಎನ್ನುತ್ತಿದೆ. ಕೆಟ್ಟ ಮೇಲೆ ಹೇಳಿದ್ದನ್ನು ಪಾಠ ಅನ್ನುವುದಾದರೆ ಹೌದು, ಕಲಿಸಿದರು.

ಮತ್ತೆ ಬಿಚ್ಚಿದೆ. ಅನ್ವರ್ ಸಾಬರು ಚೇಂಬರನ್ನು ತಮ್ಮ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಬೋರಲು ಹಾಕಿ, ಕಣ್ಣನ್ನು ನೆಲಮಟ್ಟಕ್ಕೆ ತಂದು ನೋಡಿದರು. "ಇಲ್ಲಿ ನೋಡು ತಂಗಿ, ಬೋಲ್ಟ್ ತೂತಿನ ಸುತ್ತ ಉಬ್ಬೈತೆ. ಬೆಳಕು ನುಗ್ತಾ ಐತೆ." ಮರದ ಅಡ್ಡೆಯ ಮೇಲೆ ಅಂಚನ್ನಿಟ್ಟು, ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ತೋರಿಸಿ, ಕೊಡತಿಯನ್ನು ನನ್ನ ಕೈಗೇ ಕೊಟ್ಟರು. ಒಂದು ಗಂಟೆ ತಟ್ಟಿ ಅಂಚು ಸಮ ಮಾಡಿದೆ. ನನಗೆ ಕಲಿಸಿದವರು ಯಾರು ಎಂದು ಕೇಳಿದರೆ ಈ ಸಾಬರ ಹೆಸರು ಹೇಳುತ್ತೇನೆ. ಅವರು ಇಂಜಿನ್ ಬಿಚ್ಚಿದವರಲ್ಲ, ಗೊಂಬೆ ಕಡೆದವರು.

ಆದರೆ ಪ್ಯಾಕಿಂಗು? ತಂದಿದ್ದ ಒಂದೂ ಹಿಸುಕಿ ಹರಿದುಹೋಗಿತ್ತು. ಭಾನುವಾರ ಅಂಗಡಿ ಇಲ್ಲ. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಕೈ ತೊಳೆಯುತ್ತ ಅಳು ತಡೆದುಕೊಳ್ಳುತ್ತಿದ್ದೆ. ಮೋಟು ಗೋಡೆಯ ಆಚೆಯಿಂದ ಮೇಸ್ತ್ರಿಯ ಹೆಂಡತಿ ಗೌರಕ್ಕ ಮೆಲ್ಲಗೆ ಕರೆದರು. ಅವರು ಬೀದಿಗೆ ಬಂದು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಒಂದು ಸುರುಳಿಯನ್ನು ಗೋಡೆಯ ಮೇಲಿಟ್ಟರು.

"ತಕೋ ಮಂಜುಳಾ. ಅಟ್ಟದ್ಮ್ಯಾಲಿತ್ತು. ಕತ್ತರಿಸ್ಕಂಡು ಹಾಕ್ಕೋ. ನಾನು ಕೊಟ್ಟೆ ಅನ್ಬ್ಯಾಡ."

ಬಿಚ್ಚಿ ನೋಡಿದರೆ ಕಾರ್ಕ್ ಶೀಟು. ನಾನು ಅದನ್ನು ತಂದು ಚಪ್ಪಡಿಯ ಮೇಲೆ ಹರಡಿ, ಚೇಂಬರನ್ನು ಮೇಲಿಟ್ಟು ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದೆ. ಮೇಸ್ತ್ರಿ ಕುರ್ಚಿಯಿಂದ ಎದ್ದು ಬಂದರು. ಆ ದಿನ ಅವರು ಜಗಲಿಯಿಂದ ಇಳಿದದ್ದು ಅದೊಂದೇ ಸಲ.

"ಈ ಶೀಟು ಎಲ್ಲಿಂದ ಬಂತು?"

"ಅಂಗಡೀದು."

"ಭಾನ್ವಾರ ಯಾವ ಅಂಗ್ಡಿ ತೆಗ್ದಿತ್ತು?"

ಒಂದು ಮೂಲೆ ಎತ್ತಿ ಮೂಸಿ ನೋಡಿದರು. ಹಿಂಭಾಗ ತಿರುಗಿಸಿ ಅಲ್ಲಿದ್ದ ಸೀಮೆಸುಣ್ಣದ ಗುರುತನ್ನು ನೋಡಿದರು. ಮತ್ತೇನೂ ಕೇಳದೆ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ಪಾತ್ರೆ ಎಸೆದ ಸದ್ದು ಬಂತು. ಆಮೇಲೆ ಬಂದದ್ದು ಪಾತ್ರೆಯ ಸದ್ದಲ್ಲ. ನಾನೂ ಸಾಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಹೋಗಿ ಬಾಗಿಲು ಬಡಿದೆ. ಮೇಸ್ತ್ರಿ ಅರ್ಧ ತೆಗೆದು ನಿಂತರು.

"ಗೌರಕ್ಕ ಎಲ್ಲಿ?"

"ಒಳಗವ್ಳೆ. ನಿಂಗೇನು?"

"ಒಂದ್ಸಲ ಕರೀರಿ."

"ನನ್ ಹೆಂಡ್ತಿ. ಬೀದಿ ಹೆಂಗಸ್ರು ಬಂದು ಹಾಜ್ರಿ ತಕಳಂಗಿಲ್ಲ" ಎಂದು ಬಾಗಿಲು ಹಾಕಿದರು.

ನಾನು ವಾಪಸು ಬಂದೆ. ಆ ಶೀಟನ್ನು ಅವರ ಬಾಗಿಲ ಮುಂದೆ ಎಸೆದು ಬರಬಹುದಿತ್ತು. ಎಸೆಯಲಿಲ್ಲ. ಸೋಮವಾರ ಬೆಳಗ್ಗೆ ಹನ್ನೊಂದು ಜನ ರಸ್ತೆಯಲ್ಲಿ ಕಾಯುತ್ತಿದ್ದರು. ಕತ್ತರಿ ತೆಗೆದುಕೊಂಡು ಅದನ್ನೇ ಕತ್ತರಿಸಿದೆ. ಬೋಲ್ಟಿನ ತೂತುಗಳನ್ನು ಒಂದೊಂದಾಗಿ ಕೊರೆದೆ. ನಡುವಿನಿಂದ, ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿದೆ. ಹೊತ್ತು ಮುಳುಗುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ಓಡಿಸಿ, ಕೆಳಗೆ ಹಳೆ ಪೇಪರು ಹಾಸಿ ನೋಡಿದೆ. ಒಂದು ತೊಟ್ಟೂ ಇಲ್ಲ. ಯಜಮಾನರು ಕಿಟಕಿಯಿಂದ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಮಾರನೆಯ ದಿನ ಗೌರಕ್ಕನ ಕೆನ್ನೆ ಊದಿತ್ತು. ಆಮೇಲೆ ಎಷ್ಟೋ ತಿಂಗಳು ಅವರು ಹಿತ್ತಿಲಿನ ಗೋಡೆಯ ಹತ್ತಿರ ಬರಲಿಲ್ಲ. ಬಂದರೂ ತಲೆಯೆತ್ತುತ್ತಿರಲಿಲ್ಲ.

ಮೇಸ್ತ್ರಿ ಸುಮ್ಮನಿರಲಿಲ್ಲ. ಬಸ್ಸು ಹತ್ತಿ ಹೊಂಗನೂರಿಗೆ ಹೋಗಿ, ನನ್ನ ಗಾಡಿಯಲ್ಲಿ ಬರುತ್ತಿದ್ದ ಹುಡುಗಿಯರ ಮನೆಗಳಿಗೆ, "ಹೆಂಗ್ಸು ಕತ್ತರಿಸಿರೋ ಪ್ಯಾಕಿಂಗು. ಹೈವೇಲಿ ಇಂಜಿನ್ ಜಾಮ್ ಆದ್ರೆ ಹಿಂದಿನ ಲಾರಿ ಬಂದು ಹೊಡೀತದೆ. ಆಮ್ಯಾಕೆ ನನ್ನನ್ನ ಅನ್ಬ್ಯಾಡಿ" ಎಂದು ಹೇಳಿ ಬಂದರು. ನಾಲ್ಕು ಜನ ಬಿಟ್ಟರು. ಇಂಜಿನ್ ಜಾಮ್ ಆಗಲಿಲ್ಲ. ಒಂದು ವರ್ಷಕ್ಕೆ ಆ ನಾಲ್ವರಲ್ಲಿ ಮೂವರು ವಾಪಸು ಬಂದರು. ನಾಲ್ಕನೆಯವಳಿಗೆ ಅಷ್ಟರಲ್ಲಿ ಮನೆಯವರು ಕೆಲಸ ಬಿಡಿಸಿ ಮದುವೆ ಮಾಡಿದ್ದರು. ಆ ಹುಡುಗಿ ಲೈನ್ ಸೂಪರ್‌ವೈಸರ್ ಆಗಬೇಕು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದವಳು. ಅವಳ ಮದುವೆಗೆ ಹೋಗಿದ್ದೆ. ನನ್ನನ್ನು ನೋಡಿದವಳು ಮುಖ ಬೇರೆ ಕಡೆ ಮಾಡಿಕೊಂಡಳು.

ಅವರೇಕೆ ಹಾಗಿದ್ದರು ಎಂದು ಅನ್ವರ್ ಸಾಬರು ಒಂದು ಸಲ ಹೇಳಿದರು. ರಿಟೈರಾದ ಹೊಸತರಲ್ಲಿ ಮೇಸ್ತ್ರಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊಸ ಫ್ಯಾಕ್ಟರಿಯೊಂದರ ಗೇಟಿಗೆ ಹೋಗಿದ್ದರಂತೆ, ಯಾವುದಾದರೂ ಕೆಲಸ ಕೊಡಿ ಎಂದು. ಒಳಗಿನಿಂದ ಬಂದ ಒಬ್ಬ ಚಿಕ್ಕ ವಯಸ್ಸಿನ ಆಫೀಸರು, "ಇಲ್ಲಿ ಇಂಜಿನ್ ಬಿಚ್ಚೋ ಕೆಲಸ ಇಲ್ಲ ತಾತ, ಜೋಡಿಸೋದಷ್ಟೇ" ಎಂದು ಕಳಿಸಿದನಂತೆ. ಅದೇ ಗೇಟಿನೊಳಕ್ಕೆ ನಾನು ದಿನಾ ಹನ್ನೊಂದು ಹೆಂಗಸರನ್ನು ಇಳಿಸಿ ಬರುತ್ತಿದ್ದೆ. ನನಗೆ ಅರ್ಥವಾಯಿತು. ಅರ್ಥವಾದದ್ದನ್ನೆಲ್ಲ ಕ್ಷಮಿಸಬೇಕೆಂದು ನನಗೆ ಅನ್ನಿಸಿಲ್ಲ. ಆ ಆಫೀಸರನ್ನು ಅವರಿಗೆ ಏನೂ ಮಾಡಲಾಗಲಿಲ್ಲ, ಗೌರಕ್ಕನ ಕೆನ್ನೆ ಕೈಗೆ ಸಿಗುತ್ತಿತ್ತು.

ಯಜಮಾನರು ಎದ್ದು ಓಡಾಡತೊಡಗಿದ ಮೇಲೂ ವ್ಯಾನು ನನ್ನ ಕೈಯಲ್ಲೇ ಉಳಿದಿತ್ತು. ಮೂರು ವರ್ಷವಾದ ಮೇಲೆ ಒಂದು ದಿನ ಬೆಳಗ್ಗೆ ಏಳು ಗಂಟೆಗೆ ನಾನು ವ್ಯಾನ್ ಸ್ಟಾರ್ಟ್ ಮಾಡಿ ಹೊರಡುವುದರಲ್ಲಿದ್ದೆ. ಗೌರಕ್ಕ ಓಡಿ ಬಂದು ಬಾಗಿಲು ಹಿಡಿದುಕೊಂಡರು. "ಮಂಜುಳಾ, ಅವ್ರಿಗೆ ಎದೆ ನೋವು, ಬೆವರ್ತಾ ಅವ್ರೆ." ಅನ್ವರ್ ಸಾಬರೂ ಅವರ ತಮ್ಮನೂ ಮೇಸ್ತ್ರಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಫ್ಯಾಕ್ಟರಿಯ ಹೆಂಗಸರಿಗೆ ಫೋನ್ ಮಾಡಿ ಬಸ್ಸಿಗೆ ಹೋಗಿ ಎಂದು ಹೇಳಿ, ವ್ಯಾನನ್ನು ಮಂಡ್ಯದ ದೊಡ್ಡಾಸ್ಪತ್ರೆಯ ಕಡೆ ತಿರುಗಿಸಿದೆ. ದಾರಿಯಲ್ಲಿ ಹಿಂದಿನಿಂದ ಕ್ಷೀಣವಾಗಿ ಅವರ ದನಿ ಕೇಳಿಸಿತು. ನೀರು ಕೇಳುತ್ತಿದ್ದಾರೆ ಎಂದುಕೊಂಡೆ.

"ಮೂರ್ನೇ ಗೇರಲ್ಲಿ ಎಳೀತಾ ಇದ್ದೀಯ. ನಾಕಕ್ಕಾಕು."

ನಾಲ್ಕಕ್ಕೆ ಹಾಕಿದೆ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆ ಮಾತು ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾದದ್ದು ನಿಜ. ಇನ್ನಾದರೂ ಬದಲಾಗುತ್ತಾರೆ ಎಂದು ಬೀದಿಯವರೆಲ್ಲ ಅಂದುಕೊಂಡರು. ಹದಿನೈದು ದಿನಕ್ಕೆ ಮನೆಗೆ ಬಂದರು. ಮುಂದಿನ ತಿಂಗಳು ನನ್ನ ವ್ಯಾನು ನಿಲ್ಲುವ ಜಾಗದ ಬಗ್ಗೆ ಪುರಸಭೆಗೆ ಮತ್ತೊಂದು ಅರ್ಜಿ ಕೊಟ್ಟರು. ಆಮೇಲೆ ಒಂಬತ್ತು ವರ್ಷ ಬದುಕಿದರು. ಕೊನೆಕೊನೆಗೆ ಜಗಲಿಗೆ ಬಂದವರಿಗೆಲ್ಲ, "ಅವ್ಳಿಗೆ ಕೆಲ್ಸ ಕಲ್ಸಿದ್ದು ನಾನೇಯ. ಇಲ್ಲೇ ಕೂತ್ಕಂಡು ಬೆಳಗ್ಗಿಂದ ಸಂಜೆಗಂಟ ಹೇಳ್ಕೊಟ್ಟೆ" ಎನ್ನುತ್ತಿದ್ದರು. ಅವರು ಅವತ್ತು ಕುರ್ಚಿ ಹಾಕಿಕೊಂಡು ಕೂತಿದ್ದನ್ನು ಇಡೀ ಬೀದಿ ನೋಡಿತ್ತಲ್ಲ, ಎಲ್ಲರೂ ನಂಬಿದರು.

ತಿಥಿಯೆಲ್ಲ ಮುಗಿದು ನೆಂಟರು ಹೋದ ಮೇಲೆ ಗೌರಕ್ಕ ಗುಜರಿಯವನನ್ನು ಕರೆಸಿದರು. ಸ್ಪ್ಯಾನರುಗಳ ಪೆಟ್ಟಿಗೆ, ಖಾಕಿ ಬಟ್ಟೆಯ ಗಂಟು, ಎಲ್ಲ ಅವನ ಗಾಡಿಗೆ ಹಾಕಿಸಿದರು. "ನಿಂಗೇನಾರ ಬೇಕಾ?" ಎಂದು ಕೇಳಿದರು. ಬೇಡ ಎಂದೆ. ಗುಜರಿಯವನು ತಿರುವಿನಲ್ಲಿ ಮರೆಯಾದ. ಗೌರಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಬೀದಿಯ ಕಡೆ ನೋಡುತ್ತಲೇ ಹೇಳಿದರು:

"ಯಾರ್ಗೂ ಹೇಳಿಲ್ಲ ನಾನಿದ್ನ. ಅವತ್ತು ಆಸ್ಪತ್ರೆಗೆ ಕರ್ಕಂಡೋದಲ್ಲ, ನೋವು ಸುರುವಾಗಿದ್ದು ಏಳು ಗಂಟೆಗಲ್ಲ ಕಣವ್ವಾ. ಐದಕ್ಕೆ."

ನಾನು ಅವರ ಮುಖ ನೋಡಿದೆ.

"ಮಂಜುಳನ್ನ ಕರಿ, ಮಂಜುಳನ್ನ ಕರಿ ಅಂತ ಅವ್ರೇ ಅಂದ್ರು. ಕರೀತೀನಿ ಅಂದೆ. ನೀರೊಲೆಗೆ ಉರಿ ಹಾಕ್ದೆ. ಬಾಗ್ಲಿಗೆ ನೀರಾಕ್ದೆ. ಕಾಫಿ ಕಾಯಿಸ್ಕಂಡು ಕೂತ್ಕಂಡು ಕುಡ್ದೆ. ಬಿಸೀದು. ಬೆಳಗ್ಗೆ ಅವ್ರು ಎದ್ದ ಮ್ಯಾಲೆ ನಾನು ಒಂದಿನಾನೂ ಬಿಸಿ ಕಾಫಿ ಕುಡ್ದೋಳಲ್ಲ."

"ಮತ್ತೆ ಯಾಕಕ್ಕ ಬಂದ್ರಿ?"

"ನಿನ್ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸ್ತು. ಇವ್ಳು ಹೊಂಟೋದ್ರೆ ಇನ್ಯಾರೂ ಇಲ್ಲ ಅಂತ ಎದೆ ಹೊಡ್ಕಂತು. ಕಾಲು ತಾವೇ ಓಡಿದ್ವು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನಾನು ಮಾಡಿದ್ದು ತಪ್ಪಾ ಮಂಜುಳಾ?"

ಯಾವುದನ್ನು ಕೇಳುತ್ತಿದ್ದಾರೆ, ತಡಮಾಡಿದ್ದನ್ನೋ ಓಡಿ ಬಂದದ್ದನ್ನೋ ಎಂದು ನನಗೆ ಗೊತ್ತಾಗಲಿಲ್ಲ. ನಾನು ಕೇಳಲೂ ಇಲ್ಲ.

"ಇಲ್ಲ ಅಕ್ಕ" ಎಂದೆ.